ಮಾಸ್ತರರ ಮೂತ್ರದಲ್ಲಿ ಗಸಗಸೆ

ಪಿಯುಸಿ ಮಕ್ಕಳಿಗೆ ರಸಾಯನಶಾಸ್ತ್ರ ಹೇಳಿಕೊಂಡು ಸಿದ್ದಾಪುರದಲ್ಲಿ ತೆಪ್ಪಗಿರಬೇಕಿತ್ತು. ಕೊಲ್ಲಿ ದೇಶದ ಶಾಲೆಯೊಂದು ಕರೆದಿದ್ದೇ ತಡ, ಮಾದಕವಸ್ತು ತಪಾಸಣೆಗೆಂದು ಶಿರಸಿಯ ಲ್ಯಾಬಿಗೆ ಓಡಿದೆ. ಹಿಂದಿನ ದಿನ ಯಲ್ಲಾಪುರದಲ್ಲಿ ಮದುವೆ. ಹಂತಿಯಲ್ಲಿ ‘ಸಾಕು’ ಎಂದರೆ ಅರ್ಧ ಸೌಟು, ‘ಬೇಡವೇ ಬೇಡ’ ಎಂದರೆ ತುಂಬು ಸೌಟು ಎಂದು ಅರ್ಥ ಮಾಡಿಕೊಳ್ಳುವ ನಮ್ಮ ಭಾವನ ಕೈಯಲ್ಲಿ ಗಸಗಸೆ ಪಾಯಸದ ಪಾತ್ರೆ. ಊಟದ ಮೇಲೆ ಕವಿದ ನಿದ್ದೆಯ ಅಪವಾದವನ್ನೆಲ್ಲ ಪಾಪದ ಅಪ್ಪೆಹುಳಿಯ ಮೇಲೆ ಹೊರಿಸಿದ್ದೆ.

ಲ್ಯಾಬಿನ ಪಟ್ಟಿಯಲ್ಲಿ ಒಂದೇ ಗೆರೆ ಮೂಡಿದ್ದು ಕಂಡು ಹಿಗ್ಗಿದೆ. ಕೋವಿಡ್ ಕಿಟ್ಟಿನಲ್ಲಿ ಒಂದು ಗೆರೆ ಎಂದರೆ ಬಚಾವು ತಾನೆ? ಲ್ಯಾಬಿನ ಹುಡುಗ ನನ್ನ ಹಳೇ ಶಿಷ್ಯ. “ಸಾರ್, ಇದು ಉಲ್ಟಾ. ಪಟ್ಟಿಗೆ ಹಚ್ಚಿದ ಮಾರ್ಫಿನ್‌ಗೂ ನಿಮ್ಮ ಮೂತ್ರದ ಮಾರ್ಫಿನ್‌ಗೂ ಒಂದೇ ಪ್ರತಿಕಾಯಕ್ಕಾಗಿ ಜಗಳ. ನಿಮ್ಮದು ಗೆದ್ದರೆ ಎರಡನೇ ಗೆರೆ ಬರೋದಿಲ್ಲ. ನಿಮ್ಮದು ಗೆದ್ದಿದೆ” ಎಂದ. ಪ್ರಾಕ್ಟಿಕಲ್‌ನಲ್ಲಿ ಅವನ ಅಂಕ ಕತ್ತರಿಸಿದವನು ನಾನೇ.

ಗಸಗಸೆ ಅಫೀಮು ಗಿಡದ್ದೇ ಬೀಜ. ಕಾಯಿಯ ಹಾಲು ಬೀಜದ ಮೈಗೆ ಅಂಟಿರುತ್ತದೆ. ಚೆನ್ನಾಗಿ ತೊಳೆದು ಹುರಿದರೆ ಬಹಳಷ್ಟು ಇಳಿದೀತು. ಅಡುಗೆಯವರಿಗೆ ಅಷ್ಟು ಪುರಸೊತ್ತೆಲ್ಲಿ? ಉಳಿದ ಮಾರ್ಫಿನ್‌ಗೆ ಯಕೃತ್ತು ಗ್ಲುಕುರಾನಿಕ್ ಆಮ್ಲ ಜೋಡಿಸಿ ಮೂತ್ರಕ್ಕೆ ಸಾಗಹಾಕುತ್ತದೆ. ಗಸಗಸೆ ಬ್ರೆಡ್ಡು ತಿಂದವರೆಲ್ಲ ಸಿಕ್ಕಿಬೀಳತೊಡಗಿದ್ದಕ್ಕೇ ಅಮೆರಿಕ ಸರ್ಕಾರ 1998ರಲ್ಲಿ ನೌಕರರ ತಪಾಸಣೆಯ ಮಿತಿಯನ್ನು ಮಿಲಿಲೀಟರಿಗೆ 300 ನ್ಯಾನೋಗ್ರಾಂನಿಂದ 2000ಕ್ಕೆ ಏರಿಸಿತು. ನನ್ನ ಪಾಲಿಗೆ ಬಂದ ಪಟ್ಟಿ ಮಾತ್ರ 300ರದ್ದು.

ಮನೆಯಲ್ಲಿ ಸಂಖ್ಯಾಶಾಸ್ತ್ರದ ಮೊರೆಹೋದೆ. “1000 ಜನರಲ್ಲಿ ನಿಜವಾದ ವ್ಯಸನಿಗಳು 5 ಅಂದ್ಕ. ಪರೀಕ್ಷೆ ನೂರಕ್ಕೆ 99 ಸರಿಯಿದ್ದರೂ ಸುಮ್ಮನೆ ಸಿಕ್ಕಿಬೀಳುವವರೇ ಸುಮಾರು 10!” ಹೆಂಡತಿ ಒಗ್ಗರಣೆ ಸೌಟು ಕೆಳಗಿಟ್ಟು ಕೇಳಿದಳು: “ನಿಂಗ ಐದ್ರಲ್ಲಿದ್ರಾ, ಹತ್ರಲ್ಲಿದ್ರಾ?”

ಮಾದರಿ ಬೆಂಗಳೂರಿಗೆ ಹೋಯಿತು. ದ್ರವ್ಯರಾಶಿ ರೋಹಿತಮಾಪಕದಲ್ಲಿ ಮಾರ್ಫಿನ್ ಸಿಕ್ಕಿತು. ಹೆರಾಯಿನ್ ಮಾತ್ರ ಬಿಟ್ಟುಹೋಗುವ 6-ಅಸಿಟೈಲ್‌ಮಾರ್ಫಿನ್ ಇರಲಿಲ್ಲ. ಶಾಲೆಯವರಿಗೆ ಅದೂ ಸಾಲದು. ಏನು ಉಂಡೆ, ಎಷ್ಟು ಉಂಡೆ ಎಂದು ಬಡಿಸಿದವರಿಂದಲೇ ಬರೆಸಿ ತರಬೇಕಂತೆ. ಭಾವ ಧಾರಾಳವಾಗಿ “ಎರಡು ಸೌಟು” ಎಂದು ಬರೆದ.

“ಎರಡು ಸೌಟಿಗೆ ಇಷ್ಟು ಮಾರ್ಫಿನ್ ಕೂಡ್ತಿಲ್ಲೆ ಮಾರಾಯಾ, ಏಳು ಅಂತ ಬರಿ” ಎಂದು ಗೋಗರೆದೆ.

ಭಾವ ಪೆನ್ನು ಕಿಸೆಗೆ ಸಿಕ್ಕಿಸಿದ. “ಏಳು ಹೇಳಿ ಬರದ್ರೆ ಹೊಟ್ಟೆಬಾಕ ಹೇಳಿ ಹೆಸರು ಬತ್ತು. ಅಫೀಮಾದ್ರೆ ಅಡ್ಡಿಲ್ಲೆ ಭಾವಾ, ನಾಕು ಜನ ಅಯ್ಯೋ ಪಾಪ ಆದ್ರೂ ಹೇಳ್ತ.”