ಲೋಫರ್ ಬಂದ, ಲೋಫ್ ಬರಲಿಲ್ಲ

ಹುಮನಾಬಾದ್ ಬಸ್ ಸ್ಟ್ಯಾಂಡಿನ ಹೊರಗೆ ಚಹಾದಂಗಡಿ ಕಟ್ಟೆಯ ಮೇಲೆ ನಾಲ್ಕು ಹುಡುಗರು ಕುಂತಿದ್ದರು. ಹಾದು ಹೋಗುತ್ತಿದ್ದ ಹಿರಿಯರೊಬ್ಬರು 'ಲೋಫರ್‌ಗೋಳು' ಎಂದು ತೀರ್ಪು ಕೊಟ್ಟು ಮುಂದೆ ನಡೆದರು. ಹುಡುಗರು ನಸುಕಿನಲ್ಲೇ ಕೂಲಿಗೆ ಬಂದು, ಯಾರೂ ಕರೆಯದೆ ಉಳಿದವರು. ಅದನ್ನು ವಿಚಾರಿಸಲು ಹಿರಿಯರಿಗೆ ಫುರ್ಸತ್ ಇರಲಿಲ್ಲ.

ಈ ಬೈಗುಳ ಅಮೆರಿಕದ್ದು, 1830ರ ಆಸುಪಾಸಿನದು. ಜರ್ಮನ್ನಿನ 'ಲಾಂಡ್‌ಲಾಯ್ಫರ್', ಎಂದರೆ ಊರೂರು ಅಲೆಯುವವ, ಇದರ ಮೂಲವಿರಬಹುದೆಂದು ನಿಘಂಟಿನವರ ಊಹೆ. ತಮಾಷೆ ಎಂದರೆ, ಮೊದಲು ಹುಟ್ಟಿದವನು ಲೋಫರ್. 'ಲೋಫ್' ಎಂಬ ಕ್ರಿಯಾಪದವನ್ನು ಆಮೇಲೆ ಅವನ ಬಾಲ ಕತ್ತರಿಸಿ ಮಾಡಿಕೊಂಡರು. ಮೊದಲು ಆರೋಪಿ, ಆಮೇಲೆ ಅಪರಾಧ. ಇಂಥ ಪದ ನಮ್ಮ ನೆಲಕ್ಕೆ ಒಗ್ಗದೆ ಇರುತ್ತದೆಯೇ?

ಆದರೆ ಕನ್ನಡಕ್ಕೆ ಲೋಫರ್ ಒಬ್ಬನೇ ಬಂದ, ಕ್ರಿಯಾಪದ ಹಡಗಿನಲ್ಲೇ ಉಳಿಯಿತು. 'ನಿನ್ನೆ ಮಧ್ಯಾಹ್ನ ಲೋಫ್ ಮಾಡಿದೆ' ಎಂದು ಬೀದರ್ ಜಿಲ್ಲೆಯಲ್ಲಿ ಯಾರೂ ಅನ್ನುವುದಿಲ್ಲ. ಸೋಮಾರಿತನ ನಮ್ಮದಾದರೆ ಆರಾಮ. ಪರರದಾದರೆ ಲೋಫರ್, ಉಡಾಳ, ಲಫಂಗ. ಅಚ್ಚ ಕನ್ನಡದ 'ಮೈಗಳ್ಳ'ನೇ ವಾಸಿ. ದುಡಿಯಬೇಕಾದ ಮೈಯನ್ನೇ ಕದ್ದವನು, ಅಂದರೆ ಕೆಲಸವಿದ್ದೂ ಮಾಡದವನು. ಕೆಲಸವೇ ಸಿಗದವನಿಗೆ ಆ ಬೈಗುಳ ಅಂಟುವುದಿಲ್ಲ.

ಮೈಗಳ್ಳನ ದರ್ಶನ ನನಗಾದದ್ದು ಅದೇ ದಿನ, ಬಸವಕಲ್ಯಾಣದಲ್ಲಿ. 12ನೇ ಶತಮಾನದಲ್ಲಿ ಜನ ಹೆಸರಿನ ಮುಂದೆ ಕಾಯಕ ಹೊತ್ತು ತಿರುಗಿದ ಊರು ಅದು: ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಹಗ್ಗ ಹೊಸೆಯುವ ನುಲಿಯ ಚಂದಯ್ಯ. ಗಂಡ ಮಾರಯ್ಯ ದಿನದ ಅಳತೆಗಿಂತ ಹೆಚ್ಚು ಅಕ್ಕಿ ಆಯ್ದು ತಂದರೆ ಆಯ್ದಕ್ಕಿ ಲಕ್ಕಮ್ಮ ವಾಪಸ್ ಸುರಿದು ಬರಲು ಕಳಿಸಿದಳಂತೆ. (ಇಂದಿನ ಗುತ್ತಿಗೆದಾರರ ಮನೆಯವರು ದಯವಿಟ್ಟು ಗಮನಿಸಬೇಕು.) ಈಗ ಅಲ್ಲಿ ಬಸವಣ್ಣನವರ 108 ಅಡಿಯ ಮೂರ್ತಿ ಕುಳಿತಿದೆ. ಆ ದಿನ ಊರಲ್ಲಿ ಕುಳಿತ ಜಾಗ ಬಿಡದೆ ಸಿಕ್ಕ ದೊಡ್ಡವರು ಅವರೊಬ್ಬರೇ.

ಏಕೆಂದರೆ ನನ್ನ ಕಾಗದಕ್ಕೊಂದು ಸಹಿ ಬೇಕಿತ್ತು, ಕಚೇರಿಯ ಕುರ್ಚಿ ಖಾಲಿ ಇತ್ತು. ಮೇಲೆ ಫ್ಯಾನು ಮಾತ್ರ ನಿಯತ್ತಿನಿಂದ ತಿರುಗುತ್ತಿತ್ತು. 'ಸಾಹೇಬ್ರು ಈಗೇ ಹೊರಗ ಹೋಗ್ಯಾರ್ರಿ, ಕುಂದರ್ರಿ' ಅಂದರು. ಕುಂತೆ. ಎರಡು ತಾಸಾದ ಮೇಲೆ ಅಂದವರೇ ಬಂದು 'ಯಾಕ್ರಿ, ಹಿಂಗ್ಯಾಕ ಖಾಲಿ ಕುಂತೀರಿ?' ಎಂದು ಕೇಳಿದರು.

ಮೂರನೇ ತಾಸಿಗೆ ಸಾಹೇಬರು ಬಂದರು. ಕಾಲಲ್ಲಿ ಲೇಸಿಲ್ಲದ, ಮಿರಿಮಿರಿ ಬೂಟು. ಅದಕ್ಕೂ ಅಮೆರಿಕದವರು 1930ರ ದಶಕದಲ್ಲಿ ಲೋಫರ್ ಎಂದೇ ಹೆಸರಿಟ್ಟರು. ಕಟ್ಟಲು ಬಗ್ಗುವ ಕಷ್ಟವೂ ಇಲ್ಲ. ಲೋಫರ್ ಕಾಲಲ್ಲಿದ್ದರೆ ಸಾಹೇಬ, ಬರಿಗಾಲಲ್ಲಿದ್ದರೆ ಲೋಫರ್! ಊಟದ ಹೊತ್ತಾಗಿದೆ, ಸೋಮವಾರ ಬನ್ನಿ ಅಂದರು.

ಸಂಜೆ ಹುಮನಾಬಾದಿಗೆ ಮರಳಿದಾಗ ಆ ನಾಲ್ವರಲ್ಲಿ ಮೂವರು ಲಾರಿಯಿಂದ ಸಿಮೆಂಟ್ ಚೀಲ ಇಳಿಸುತ್ತಿದ್ದರು. ನಾಲ್ಕನೆಯವನು ಇನ್ನೂ ಕಟ್ಟೆಯ ಮೇಲಿದ್ದ. ಸರಿದು ಜಾಗ ಕೊಟ್ಟ. ನನ್ನ ಬಸ್ಸಿಗೆ ಇನ್ನೂ ಒಂದು ತಾಸಿತ್ತು.