ಓದುವ ಮುನ್ನಿನ ಸಿದ್ಧತೆ: ಒಂದು ಶಾಸ್ತ್ರೀಯ ವಿವೇಚನೆ

1. ಪೀಠಿಕೆ

ಅಮೆರಿಕದಲ್ಲಿ ಕಟ್ಟಡದ ನಕ್ಷೆ ಬರೆಯುವ ಜೀವಿಗಳಲ್ಲಿ ಎರಡು ಜಾತಿ. ಲೈಸೆನ್ಸ್ ಉಳ್ಳದ್ದು ಆರ್ಕಿಟೆಕ್ಟ್. ಇಲ್ಲದ್ದು ಪಕ್ಕದ ಕುರ್ಚಿಯಲ್ಲೇ ಕೂತು ಅದೇ ಗೋಡೆ ಎಳೆದರೂ ಬರೀ ಡಿಸೈನರ್. ಎರಡನೆಯದು ಮೊದಲನೆಯದಾಗಬೇಕಾದರೆ, 1919ರಲ್ಲಿ ಹುಟ್ಟಿದ ಎನ್‌ಕಾರ್ಬ್ ಎಂಬ ಸಂಸ್ಥೆ ನಡೆಸುವ ಎ.ಆರ್.ಇ. ಪರೀಕ್ಷೆಯ ಆರು ಪತ್ರಿಕೆಗಳನ್ನು ದಾಟಬೇಕು. ಆ ಪರೀಕ್ಷೆಯನ್ನೂ ಅದರ ಓದನ್ನೂ ಬೇರೆಯವರಿಗೆ ಬಿಟ್ಟು, ಓದಲು ಕೂರುವ ಮುಂಚಿನ ಏರ್ಪಾಟನ್ನು ಮಾತ್ರ ಇಲ್ಲಿ ವಿವೇಚಿಸಲಾಗಿದೆ.

2. ಆಕರ

ಅಧ್ಯಯನಕ್ಕೆ ಸಿಕ್ಕ ಮಾದರಿ ಒಂದೇ: ಮೈಸೂರಿನಲ್ಲಿ ಹುಟ್ಟಿ ಈಗ ಶಿಕಾಗೊದಲ್ಲಿರುವ ಗಂಡುಪ್ರಾಣಿ. ಆರ್ಕಿಟೆಕ್ಟರಿಗೆ ಲೈಸೆನ್ಸ್ ಬೇಕೆಂದು 1897ರಲ್ಲಿ ದೇಶಕ್ಕೇ ಮೊದಲು ಕಾನೂನು ಮಾಡಿದ ಇಲಿನಾಯ್ ರಾಜ್ಯದಲ್ಲೇ ಅದು ಮನೆ ಹಿಡಿದದ್ದು ಪೂರ್ವಕರ್ಮ. ಹಗಲೂ ರಾತ್ರಿ ಕಣ್ಣೆದುರಿಗಿದ್ದ ಮಾದರಿ ಇನ್ನೊಂದಿಲ್ಲ, ಅದು ಪ್ರಬಂಧಕಾರನೇ.

3. ಪೂರ್ವಪಕ್ಷ

ಭಾನುವಾರದ ಫೋನಿನಲ್ಲಿ ಮಾತೃಶ್ರೀಯವರು ಮಂಡಿಸಿದ್ದು: "ಐದು ವರ್ಷ ಓದಿದ್ದು ಸಾಲ್ದೇನೋ? ಇಲ್ಲಿ ನಿನ್ನ ಜೊತೆಯವ್ರೆಲ್ಲ ಆಫೀಸು ಇಟ್ಕೊಂಡು ಬೋರ್ಡು ಹಾಕಿದ್ದಾರೆ. ನೀನಿನ್ನೂ ಪರೀಕ್ಷೆ ಅಂತೀಯಲ್ಲೋ!"

ವಾದ ಬಲವಾದದ್ದು. ನಮ್ಮಲ್ಲಿ 1972ರ ಆರ್ಕಿಟೆಕ್ಟ್ಸ್ ಕಾಯ್ದೆಯಂತೆ, ಮಾನ್ಯ ಪದವಿ ಇದ್ದವರು ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ಹೆಸರು ನೋಂದಾಯಿಸಿದರೆ ಮುಗಿಯಿತು. ಅಮೆರಿಕದಲ್ಲಾದರೆ 3,740 ಗಂಟೆ ಅನುಭವದ ಲೆಕ್ಕ ಬೇರೆ, ಪತ್ರಿಕೆಗಳು ಬೇರೆ. ಈ ವಾದಕ್ಕೆ ಉತ್ತರ ದೊರೆತಿಲ್ಲ.

4. ವೇಳಾಪಟ್ಟಿ ಪ್ರಕರಣ

ಪರರ ಕಟ್ಟಡಕ್ಕೆ ಯಾವ ತಿಂಗಳು ಪಾಯ, ಯಾವ ತಿಂಗಳು ತಾರಸಿ ಎಂದು ವಾರದ ಲೆಕ್ಕದಲ್ಲಿ ಹೇಳಬಲ್ಲ ಮಾದರಿ, ತನ್ನ ಓದಿಗೆ ಎಕ್ಸೆಲ್ ಶೀಟ್ ತೆರೆಯಿತು. ಆರು ಪತ್ರಿಕೆಗೆ ಆರು ಬಣ್ಣ. ಒಂದಕ್ಕೆ ಕೊಟ್ಟ ಅರಿಸಿನದ ಹಳದಿಯಲ್ಲಿ ಅಕ್ಷರ ಕಾಣದೆ ಬಣ್ಣ ಬದಲಿಸಬೇಕಾಯಿತು. ಪಕ್ಕದ ಬಣ್ಣ ಅದಕ್ಕೆ ಹೊಂದದೆ ಅದನ್ನೂ. ಭಾನುವಾರ ಕಳೆಯಿತು.

ಮುಂದಿನ ಹಂತ ಗ್ರಂಥಸಂಗ್ರಹ. ಫ್ರಾನ್ಸಿಸ್ ಚಿಂಗ್ ಅವರ ಕಟ್ಟಡ ನಿರ್ಮಾಣದ ಸಚಿತ್ರ ಗ್ರಂಥದ 38ನೇ ಪುಟದವರೆಗೆ ಕೋಡುಬಳೆಯ ಎಣ್ಣೆಗುರುತುಗಳಿವೆ. 39ರಿಂದಾಚೆ ಪುಟಗಳು ಶುಭ್ರ. ಓದಿನ ವ್ಯಾಪ್ತಿಯನ್ನು ಇಷ್ಟು ಕರಾರುವಾಕ್ಕಾಗಿ ಹೇಳುವ ಶಾಸನ ಅಪರೂಪ.

ಹಿಂದೆ ಪಾಸಾದ ಪತ್ರಿಕೆಯೂ ಐದು ವರ್ಷಕ್ಕೆ ಹಳಸುತ್ತಿತ್ತು. 2023ರಲ್ಲಿ ಆ ನಿಯಮ ತೆಗೆದರು. ಸುದ್ದಿ ಕೇಳಿದ ಸಂಜೆಯೇ ಮಾದರಿ ನೆಮ್ಮದಿಯಿಂದ ವೇಳಾಪಟ್ಟಿಯನ್ನು ಆರು ತಿಂಗಳು ಮುಂದೂಡಿತು. ಹಳಸಲು ಅದರ ಬಳಿ ಪಾಸಾದ ಪತ್ರಿಕೆ ಒಂದೂ ಇರಲಿಲ್ಲ ಎಂಬುದನ್ನು ವಿದ್ವಾಂಸರು ಗಮನಿಸಬೇಕು.

5. ಪ್ರಯೋಗ

ಕಡೆಗೆ ಬರೆದದ್ದು ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್, ಅಂದರೆ ಕೆಲಸವನ್ನು ವೇಳೆಗೆ ಮುಗಿಸುವ ವಿದ್ಯೆ: 75 ಪ್ರಶ್ನೆ, ಮೂರು ಗಂಟೆ. ಕೈಗೆ ಕಾಗದವಿಲ್ಲ, ಪರದೆಯ ಮೇಲಿನ ಬಿಳಿ ಹಲಗೆಯಲ್ಲಿ ಮೌಸಿನಿಂದ ಗೀಚಬೇಕು. ಐದು ವರ್ಷ ಗೆರೆ ಎಳೆದು ಪಳಗಿದ ಕೈ ಅಲ್ಲಿ ಬರೆದ 7, ಅದಕ್ಕೇ 1ರಂತೆ ಕಂಡಿತು. ನಪಾಸು.

ಅದೇ ಪತ್ರಿಕೆಯನ್ನು ಮತ್ತೆ ಬರೆಯಲು 60 ದಿನ ಕಾಯಬೇಕು. ಅಷ್ಟೂ ದಿನ ಹೊಸ ವೇಳಾಪಟ್ಟಿಗೆ ವಿನಿಯೋಗವಾಯಿತು. ಈ ಸಲ ಬಣ್ಣಗಳು ಚೆನ್ನಾಗಿ ಕೂಡಿಬಂದವು.

6. ಸಿದ್ಧಾಂತ

ಮುಂದೆ ಒಂದು ರಾತ್ರಿ, ಯಾವ ಪಟ್ಟಿಯಲ್ಲೂ ಇಲ್ಲದ ಆವೇಶದಲ್ಲಿ, ಮಾದರಿ ಮತ್ತೆ ಶುಲ್ಕ ಕಟ್ಟಿ ಮೂರು ವಾರದಾಚೆಯ ತಾರೀಖು ಹಿಡಿಯಿತು. ಕಾರ್ಡಿನಿಂದ ಡಾಲರು ಹೋದ ಸಂದೇಶ ಬಂದ ಮರುಗಳಿಗೆಯೇ ಓದು ಶುರು. ಅಂದು ನಲವತ್ತು ಪುಟ. ಕೋಡುಬಳೆಯ ನೆನಪೂ ಬರಲಿಲ್ಲ. ಪತ್ರಿಕೆ ಪಾಸಾಯಿತು.

ಆದ್ದರಿಂದ ಸಿದ್ಧಾಂತವಿಷ್ಟು: ತಾರೀಖು ಮೊದಲು, ಬಣ್ಣ ಆಮೇಲೆ. ಮುಂದಿನ ಪರೀಕ್ಷಾರ್ಥಿಗಳು ಇದನ್ನು ಪಾಲಿಸಿ ಉದ್ಧಾರವಾಗಲಿ.

ಪ್ರಬಂಧಕಾರನಿಗೆ ಇನ್ನೂ ಐದು ಪತ್ರಿಕೆ ಬಾಕಿ. ಒಂದಕ್ಕೂ ತಾರೀಖು ಹಿಡಿದಿಲ್ಲ. ಮೊದಲು ಈ ಪ್ರಬಂಧ ಮುಗಿಸಬೇಕಿತ್ತು.