ಪಕ್ಕದ ಬೆಂಚಿನವರಿಗೆ ಬರೆದ ಪತ್ರಿಕೆ

ಕರಾವಳಿಯ ಯಾವ ಸಿ.ಎಸ್.ಐ. ಸಭೆಗೆ ಹೋದರೂ ಈ ಹಿರಿಯರು ಸಿಗುತ್ತಾರೆ. ಮುಂದಿನಿಂದ ಎರಡನೇ ಬೆಂಚು, ಫ್ಯಾನಿನ ಕೆಳಗೆ. ಇಸ್ತ್ರಿ ಮಾಡಿದ ತುಂಬುತೋಳಿನ ಅಂಗಿ, ಕಂಕುಳಲ್ಲಿ ಜಿಪ್ ಚೀಲದೊಳಗಿನ ಸತ್ಯವೇದ. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದ ಕಥೆಯನ್ನು, ತಾವೇ ಧಕ್ಕೆಯಲ್ಲಿ ನಿಂತು ಅವರ ಪೆಟ್ಟಿಗೆ ಇಳಿಸಿಕೊಂಡವರ ಹಾಗೆ ಹೇಳುತ್ತಾರೆ. 1841ರಲ್ಲಿ ಮಿಶನ್ ಪ್ರೆಸ್ ಶುರುವಾದದ್ದಂತೂ ಅವರ ಮನೆಯದೇ ಸಮಾರಂಭ. ಆಗಿನದು ಕಲ್ಲಚ್ಚು, ಅದಕ್ಕೆ ಮಸಿ ಬಳಿದವರು ಇವರ ಅಜ್ಜನ ಅಜ್ಜನಂತೆ. “ಸತ್ಯವೇದ ನಮ್ಮ ರಕ್ತದಲ್ಲೇ ಉಂಟು” ಎನ್ನುತ್ತಾರೆ. ರಕ್ತದಲ್ಲಿ ಇರುವುದನ್ನು ಮತ್ತೆ ಕಣ್ಣಿನ ಮುಂದೆ ಹಿಡಿಯುವ ಅಗತ್ಯ ಅವರಿಗೆ ಕಂಡಿಲ್ಲ.

ಹಾಗೆಂದು ಪುಸ್ತಕ ತೆರೆಯುವುದೇ ಇಲ್ಲ ಎನ್ನುವಂತಿಲ್ಲ. ಮೊದಲ ಪುಟದಲ್ಲಿ ಮನೆಮಂದಿಯ ಜನನ, ದೀಕ್ಷಾಸ್ನಾನ, ಮದುವೆ, ಮರಣಗಳ ತಾರೀಕು ಇವೆ. ಯಾಜಕಕಾಂಡದಲ್ಲಿ ಎಲ್.ಐ.ಸಿ. ರಸೀದಿ, ಯೋಬನ ಗ್ರಂಥದಲ್ಲಿ ರಕ್ತಪರೀಕ್ಷೆಯ ಚೀಟಿ, ಪ್ರಲಾಪಗಳಲ್ಲಿ ಕರೆಂಟು ಬಿಲ್ಲು. 66 ಪುಸ್ತಕಗಳಲ್ಲಿ ಯಾವುದರಲ್ಲಿ ಏನಿದೆ ಎಂಬುದು ಅವರಷ್ಟು ಚೆನ್ನಾಗಿ ಸಭಾಪಾಲಕರಿಗೂ ತಿಳಿಯದು.

ಪ್ರಸಂಗ ಶುರುವಾಯಿತೆಂದರೆ ಕೆಲಸ ಅವರ ಕುತ್ತಿಗೆಗೆ. ಮಲಾಕಿಯನ ದಶಮಾಂಶದ ಮಾತು ಬಂದರೆ ಅದು ದುಬಾಯಿಯಿಂದ ಬಂದವರ ಬೆಂಚಿನ ಕಡೆ ತಿರುಗುತ್ತದೆ. ಯಾಕೋಬನು ನಾಲಿಗೆಯ ಕುರಿತು ಬರೆದ ಅಧ್ಯಾಯಕ್ಕೆ ಸ್ತ್ರೀಯರ ಸಂಘದ ಕಡೆ. ಕುಡಿತದ ವಿಷಯವಾದರೆ ಹಿಂದಿನ ಬಾಗಿಲ ಕಡೆ. ಅಲ್ಲಿ ಅಡ್ಡಗೋಡೆಗೆ ಒರಗಿದವನು ಪಾಪ, ಬರೀ ಜಾಗ ಸಿಗದೆ ನಿಂತಿರುತ್ತಾನೆ. ಒಮ್ಮೆ ಅದೇ ಯಾಕೋಬನ ಮೊದಲ ಅಧ್ಯಾಯದ ಸರದಿ ಬಂತು. ವಾಕ್ಯ ಕೇಳಿ ಅದರಂತೆ ನಡೆಯದವನು ಕನ್ನಡಿಯಲ್ಲಿ ಮುಖ ನೋಡಿಕೊಂಡು ಹೊರಟು, ತಾನು ಹೇಗಿದ್ದೇನೆಂಬುದನ್ನೇ ಮರೆಯುವವನು ಎಂಬ ಪಾಠ. ಇಡೀ ಸಭೆಯ ಕಣ್ಣು ಎರಡನೇ ಬೆಂಚಿನ ಮೇಲೆ ಬಿತ್ತು. ಹಿರಿಯರೂ ಕುತೂಹಲದಿಂದ ಹಿಂದೆ ತಿರುಗಿ, ಅದು ಯಾರೆಂದು ಹುಡುಕಿದರು.

ಆರಾಧನೆ ಮುಗಿದ ಮೇಲೆ ಬಾಗಿಲಲ್ಲಿ ಸಭಾಪಾಲಕರ ಕೈ ಕುಲುಕಿ, “ಭಾರೀ ಲಾಯ್ಕಾಯ್ತು ಅಯ್ಯನವರೇ. ಯಾರಿಗೆ ತಾಗಬೇಕೋ ಅವರಿಗೆ ತಾಗಿತು” ಎಂದರು. ಅಯ್ಯನವರು ಆಕಾಶ ನೋಡಿದರು.

ದೇವರ ಮಾತನ್ನು ತಿರಸ್ಕರಿಸುವುದೆಂದರೆ ಹೇಗಿರಬೇಕೆಂದು ಯೆಹೂದದ ಅರಸ ಯೆಹೋಯಾಕೀಮ ತೋರಿಸಿಕೊಟ್ಟಿದ್ದಾನೆ. ಯೆರೆಮೀಯನ ಗ್ರಂಥದ 36ನೆಯ ಅಧ್ಯಾಯದಲ್ಲಿ ಆ ಸಂಗತಿ ಇದೆ. ಚಳಿಗಾಲ, ಎದುರಿಗೆ ಅಗ್ಗಿಷ್ಟಿಕೆ. ಪ್ರವಾದಿ ಹೇಳಿ ಬಾರೂಕನು ಬರೆದ ಸುರುಳಿಯನ್ನು ಓದಿಸುತ್ತ, ಮೂರು ನಾಲ್ಕು ಅಂಕಣ ಆದ ಹಾಗೆ ಚಾಕುವಿನಿಂದ ಕತ್ತರಿಸಿ ಬೆಂಕಿಗೆ ಹಾಕಿದ. ಬಾರೂಕ ಪುನಃ ಎಲ್ಲವನ್ನೂ ಬರೆಯಬೇಕಾಯಿತು. ಈ ಸಲ ಇನ್ನಷ್ಟು ಮಾತು ಸೇರಿತು. ಅರಸ ಮಾಡಿದ್ದು ಘೋರ ಪಾಪವೇ. ಆದರೆ ಒಂದು ಮಾತು ಒಪ್ಪಬೇಕು: ಸುಡುವ ಮೊದಲು ಅವನು ಕೇಳುತ್ತಿದ್ದ. ಮಾತು ತನಗೇ ಹೇಳಿದ್ದೆಂದು ಗೊತ್ತಾಗದಿದ್ದರೆ ಅಷ್ಟು ಸಿಟ್ಟೇಕೆ ಬರಬೇಕು? ನಮ್ಮ ಹಿರಿಯರು ಸತ್ಯವೇದವನ್ನು ನೆಲದ ಮೇಲೂ ಇಡುವವರಲ್ಲ, ಸುಡುವುದಂತೂ ದೂರ. ಆದಿಕಾಂಡದಿಂದ ಪ್ರಕಟಣೆಯವರೆಗೆ ಒಂದಕ್ಷರವನ್ನೂ ತಳ್ಳಿಹಾಕದೆ ಒಪ್ಪುತ್ತಾರೆ, ಒಪ್ಪಿ ಪಕ್ಕದವರಿಗೆ ದಾಟಿಸುತ್ತಾರೆ. ಅವರಿಗೆ ಚಾಕುವೂ ಬೇಡ, ಬೆಂಕಿಯೂ ಬೇಡ.

ಈಗ ಅವರ ತಮ್ಮನ ಸಂಗತಿ. ತೆಂಗಿನ ತೋಟದ ಗಡಿಯ ವಿಷಯದಲ್ಲಿ ತಮ್ಮನ ಮೇಲೆ ದಾವೆ ಹೂಡಿ ಎಷ್ಟೋ ವರ್ಷವಾಯಿತು. ಗಡಿಯಲ್ಲಿದ್ದ ಮರವೇ ಈ ನಡುವೆ ಸಿಡಿಲು ಬಡಿದು ಸತ್ತಿದೆ, ದಾವೆ ಗಟ್ಟಿಮುಟ್ಟಾಗಿದೆ. ಹೀಗಿರುವಾಗ ಒಂದು ಭಾನುವಾರ ಪಾಠ ಓದುವ ಸರದಿ ಹಿರಿಯರದೇ ಆಯಿತು. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆ, 6ನೆಯ ಅಧ್ಯಾಯ. ಸಹೋದರನ ಮೇಲೆ ಸಹೋದರನು ನ್ಯಾಯಾಲಯಕ್ಕೆ ಹೋಗುತ್ತಾನಲ್ಲ ಎಂದು ಪೌಲನು ಸಂಕಟಪಡುವ ಭಾಗ. ಏನು ಕಂಠ! ಏನು ಸ್ಪಷ್ಟತೆ! ಸಭೆ ಉಸಿರು ಬಿಗಿಹಿಡಿದು ಕೇಳಿತು. ಓದಿ ಮುಗಿಸಿ ಕುಳಿತವರೇ ಮೊಬೈಲು ತೆಗೆದು ಆ ವಚನಗಳನ್ನು ತಮ್ಮನಿಗೆ ವಾಟ್ಸಾಪಿನಲ್ಲಿ ಕಳಿಸಿದರು. ಅಷ್ಟರಲ್ಲಿ ಪಕ್ಕದ ಊರಿನ ಸಭೆಯಲ್ಲಿ ಕುಳಿತಿದ್ದ ತಮ್ಮನಿಂದ ಅವೇ ವಚನಗಳು ಇವರಿಗೆ ಬಂದವು. ಅಲ್ಲೂ ಆ ದಿನದ ಪಾಠ ಅದೇ.

ಮಂಗಳವಾರ ವಾಯಿದೆ. ತಮ್ಮನಿಗೆ ಪೌಲನೇ ಬುದ್ಧಿ ಹೇಳಿದ್ದಾನೆಂದು ತೋರಿಸಲು ಹಿರಿಯರು ಸತ್ಯವೇದವನ್ನು ವಕೀಲರ ಮೇಜಿನ ಮೇಲೆ ತೆರೆದಿಟ್ಟರು. ವಕೀಲರು ಶಿವಭಕ್ತರು, ಕನ್ನಡಕ ಏರಿಸಿ ನಿಧಾನವಾಗಿ ಓದಿದರು, ಇನ್ನೊಮ್ಮೆ ಓದಿದರು.

“ಇದು ನಮಗೇ ವಿರುದ್ಧ ಉಂಟಲ್ಲ ಮಾರಾಯ್ರೆ! ದಾವೆ ಹಾಕುವುದಕ್ಕಿಂತ ನಷ್ಟ ತಡೆದುಕೊಳ್ಳುವುದು ಒಳ್ಳೆಯದು ಎನ್ನುತ್ತದೆ. ದಾವೆ ಹಾಕಿದ್ದು ನೀವೇ ಅಲ್ವಾ?”

“ಹೌದು,” ಎಂದರು ಹಿರಿಯರು, “ಅದಕ್ಕೇ ತಮ್ಮನಿಗೆ ಕಳಿಸಿದ್ದು.”